26ರ ಮಗನನ್ನು ಕ್ಯಾನ್ಸರ್‌ಗೆ ಕಳೆದುಕೊಂಡ ನೆರೆಮನೆ: ಬೊಜ್ಜ (ಉತ್ತರಕ್ರಿಯೆ) ಮುಗಿದ ಮೇಲೆ ನಾವು ಎಂತ ಮಾಡಬೇಕು?

ಬೈಲಕರೆ (ಪ್ರಶ್ನೆ)

ಕಾಪು ಹತ್ತಿರ ನಮ್ಮ ಪಕ್ಕದ ಮನೆಯ ಹುಡುಗ ಕಳೆದ ಮಂಗಳವಾರ ತೀರಿಕೊಂಡ. 26 ವರ್ಷ. ಯೂಯಿಂಗ್ ಸಾರ್ಕೋಮಾ ಎಂಬ ಮೂಳೆಯ ಕ್ಯಾನ್ಸರ್. ಶ್ವಾಸಕೋಶಕ್ಕೆ ಹರಡಿದ ಮೇಲೆ ಕೊನೆಯ ಐದು ವಾರ ಮನೆಯಲ್ಲೇ ಆರೈಕೆ, ಮನೆಯಲ್ಲೇ ಹೋದ. ಈಗ ಅಲ್ಲಿರುವವರು ಅಪ್ಪ, ಅಮ್ಮ, 80 ದಾಟಿದ ಅಜ್ಜಿ, ದ್ವಿತೀಯ ಪಿಯುಸಿ ಓದುವ ತಂಗಿ. ಅವನಿಗೆ ಮದುವೆ ಆಗಿರಲಿಲ್ಲ. ಬೆಂಗಳೂರಿನ ಕಂಪನಿಯಲ್ಲಿ ಕೆಲಸದಲ್ಲಿದ್ದ.

ಬೊಜ್ಜಕ್ಕೆ ಇನ್ನೂ ಏಳು ದಿನ ಉಂಟು. ಅಲ್ಲಿವರೆಗೆ ನೆಂಟರಿದ್ದಾರೆ, ಚಪ್ಪರ, ಅಡುಗೆ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಮುಂಬೈಯಿಂದ ಬಂದ ನೆಂಟರು ಹೊರಟ ಮೇಲೆ ಆ ಮನೆಯಲ್ಲಿ ನಾಲ್ಕೇ ಜನ. ನಾವು ಅಕ್ಕಪಕ್ಕ ಆರು ಮನೆಯವರು ಇದ್ದೇವೆ. “ಏನಾದರೂ ಬೇಕಿದ್ದರೆ ಹೇಳಿ” ಎಂದು ಎಲ್ಲರೂ ಹೇಳಿ ಬಂದಾಯಿತು, ಅವರು ತಲೆಯಾಡಿಸಿದ್ದಾರೆ ಅಷ್ಟೆ. ನಿಜವಾಗಿ ಎಂತ ಮಾಡಬೇಕು, ಎಂತ ಮಾಡಬಾರದು? ಬಾಡಿಗೆಗೆ ತಂದ ಆಸ್ಪತ್ರೆ ಮಂಚ, ಆಕ್ಸಿಜನ್ ಯಂತ್ರ, ಒಂದು ಡಬ್ಬ ಮಾತ್ರೆ ಇನ್ನೂ ಅವನ ಕೋಣೆಯಲ್ಲೇ ಉಂಟು.

ಅಂಗಳದ ಚಪ್ಪರ

“ಬೇಕಿದ್ದರೆ ಹೇಳಿ” ಅಂದರೆ ಯೋಚಿಸುವ ಕೆಲಸವೂ ಅವರ ತಲೆಗೇ ಬಿತ್ತು. ಏನು ಬೇಕು ಎಂದು ಯೋಚಿಸುವ ಶಕ್ತಿಯೇ ಈಗ ಆ ಮನೆಯಲ್ಲಿ ಇಲ್ಲ. ಆರು ಮನೆಯವರು ಒಂದು ಸಂಜೆ ಕೂತು ಕೆಲಸ ಹಂಚಿಕೊಳ್ಳಿ, ಒಂದು ಮನೆಗೆ ಒಂದೇ ಕೆಲಸ. ಆಮೇಲೆ “ನಾಳೆ ಏಳೂವರೆಗೆ ಗಂಜಿ ತರ್ತೇನೆ, ಬೇಡ ಅಂದ್ರೆ ಫೋನ್ ಮಾಡಿ ಸಾಕು” ಎಂದು ಹೇಳಿ. ಬೇಡ ಎನ್ನುವುದು ಸುಲಭ. ಬೇಕು ಎಂದು ಕೇಳುವುದು ಕಷ್ಟ.

ಊಟದ ವಿಷಯಕ್ಕೆ ಬಂದರೆ, ಬೊಜ್ಜದವರೆಗೆ ನೀವು ಕೊಂಡುಹೋದದ್ದು ಹೆಚ್ಚಾಗಿ ಹಾಳಾಗುತ್ತದೆ. ಅದರ ಮರುದಿನದಿಂದ ಶುರು ಮಾಡಿ, ಕನಿಷ್ಠ ಆರು ವಾರ, ವಾರಕ್ಕೆ ನಾಲ್ಕು ದಿನ. ದಿನಾ ಬೇಡ, ತಾಯಿಗೆ ಒಲೆಯ ಮುಂದೆ ನಿಲ್ಲುವ ದಿನವೂ ಬೇಕು. ನಾಲ್ಕು ಜನಕ್ಕೆ ಕುಚ್ಚಲಕ್ಕಿ 400 ಗ್ರಾಂ ಹಾಕಿದರೆ ಧಾರಾಳ. ದುಃಖದಲ್ಲಿ ಒಣ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ತೆಳಿ ಬಿಟ್ಟ ಗಂಜಿ ಇಳಿಯುತ್ತದೆ. ಜೊತೆಗೆ ಹುರುಳಿ ಚಟ್ನಿಯೋ ಒಂದು ಪಲ್ಯವೋ ಸಾಕು. ಅಜ್ಜಿಗೆ ಉಪ್ಪು ಕಡಿಮೆ ಇರಬೇಕೇ ಕೇಳಿಕೊಳ್ಳಿ. ಪಾತ್ರೆ ವಾಪಸ್ ಕೊಡಬೇಕಾದ ಹೊರೆ ಅವರಿಗೆ ಬೇಡ. ನಿಮ್ಮ ತೂಕುಪಾತ್ರೆಯ ತಳಕ್ಕೆ ಟೇಪ್ ಅಂಟಿಸಿ ಮನೆ ಹೆಸರು ಬರೆಯಿರಿ, ಮರುದಿನ ಅದನ್ನು ತರಲಿಕ್ಕೆ ಹೋಗುವ ನೆಪದಲ್ಲಿ ಐದು ನಿಮಿಷ ಜಗಲಿಯಲ್ಲಿ ಕೂರಬಹುದು. ಅರ್ಧ ಗಂಟೆ ಬೇಡ, ಐದೇ ನಿಮಿಷ.

ಈ ವಾರದ ದೊಡ್ಡ ಕೆಲಸ ಬೇರೆ ಉಂಟು: ಮಾತಾಡಿಸಲಿಕ್ಕೆ ಬರುವವರು. ಬಂದವರೆಲ್ಲ ತಾಯಿಯ ಪಕ್ಕ ಕೂತು “ಎಂತ ಆದದ್ದು, ಯಾವಾಗ ಗೊತ್ತಾದದ್ದು, ಯಾವ ಆಸ್ಪತ್ರೆ” ಎಂದು ಮೊದಲಿನಿಂದ ಕೇಳುತ್ತಾರೆ. ತಾಯಿ ದಿನಕ್ಕೆ ಇಪ್ಪತ್ತು ಸಲ ಆ ಕಾಯಿಲೆಯ ದಿನಗಳನ್ನೆಲ್ಲ ಹೇಳಬೇಕಾಗುತ್ತದೆ. ನಿಮ್ಮಲ್ಲಿ ಒಬ್ಬರು ಅಂಗಳದಲ್ಲೇ ನಿಂತು ಕಾಯಿಲೆ ಯಾವುದು, ಎಷ್ಟು ಸಮಯದಿಂದ, ಎಲ್ಲಿ ತೀರಿಕೊಂಡದ್ದು ಎಂದು ಮೂರು ವಾಕ್ಯದಲ್ಲಿ ಹೇಳಿ, “ಒಳಗೆ ಇದನ್ನು ಕೇಳಬೇಡಿ” ಎಂದು ನೇರವಾಗಿಯೇ ಹೇಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

“ದೇವರಿಗೆ ಪ್ರೀತಿಯಾದವರು ಬೇಗ ಹೋಗ್ತಾರೆ”, “ಪಾಪ, ಅವನ ನೋವು ಮುಗಿಯಿತಲ್ಲ”, “ಮಗಳಿದ್ದಾಳಲ್ಲ” ಎಂಬ ಮೂರು ಮಾತು ಬೇಡವೇ ಬೇಡ. ಅವನ ಹೆಸರು ಹಿಡಿದು ಮಾತಾಡಿ. ಹೆಸರು ಎತ್ತಿದರೆ ಅಮ್ಮ ಅಳುತ್ತಾರೆ ಎಂದು ಜನ ಹೆದರುತ್ತಾರೆ. ಅವರು ಹೇಗೂ ಅಳುತ್ತಿದ್ದಾರೆ. ಹೆಸರನ್ನೇ ಯಾರೂ ಎತ್ತದ ಮನೆಯಲ್ಲಿ ಒಬ್ಬರೇ ಅಳಬೇಕಾಗುತ್ತದೆ.

ಶುಶ್ರೂಷೆ_ಉಡುಪಿ

ಮೊದಲು ಆ ಡಬ್ಬ. ಬೊಜ್ಜದವರೆಗೆ ಕಾಯಬೇಡಿ. ಮನೆಯಲ್ಲೇ ಆರೈಕೆ ನಡೆದ ಕಡೆ ಮಾರ್ಫಿನ್ ಮಾತ್ರೆ, ನಿದ್ರೆಯ ಮಾತ್ರೆ, ಕೆಲವೊಮ್ಮೆ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ ಉಳಿದಿರುತ್ತದೆ. ಮಗನನ್ನು ಕಳೆದುಕೊಂಡ ಮನೆಯಲ್ಲಿ ಇವು ಕೈಗೆ ಸಿಗುವಂತೆ ಇರಬಾರದು, ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯರೊಬ್ಬರ ಎದುರು ಎಣಿಸಿ, ಚೀಟಿಯಲ್ಲಿ ಬರೆದು, ಮಾತ್ರೆ ಕೊಟ್ಟ ಆಸ್ಪತ್ರೆಯ ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್) ವಿಭಾಗಕ್ಕೇ ಹಿಂತಿರುಗಿಸಿ. ಮಾರ್ಫಿನ್ ಲೆಕ್ಕ ಇಡಬೇಕಾದ ಔಷಧ, ಹಿಂದೆ ಬಂದದ್ದನ್ನೂ ಅವರು ಬರೆದುಕೊಳ್ಳುತ್ತಾರೆ. ಬೇರೆ ರೋಗಿಗೆ ಆಗುತ್ತದೆ ಎಂದು ಯಾರಿಗೂ ಕೊಡಬೇಡಿ. ಬಳಸಿದ ಫೆಂಟನಿಲ್ ಪಟ್ಟಿಯಲ್ಲೂ ಔಷಧ ಉಳಿದಿರುತ್ತದೆ, ಅಂಟಿನ ಬದಿ ಒಳಗಾಗುವಂತೆ ಮಡಚಿ ಅದರೊಟ್ಟಿಗೇ ಕೊಡಿ. ಕೀಮೋ ಮಾತ್ರೆ ಇದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ ಕೊಂಡುಹೋಗಿ.

ಮಂಚ, ಆಕ್ಸಿಜನ್ ಯಂತ್ರಕ್ಕೆ ಬಾಡಿಗೆ ಓಡುತ್ತಾ ಇರುತ್ತದೆ, ಹಾಗಾಗಿ ಬೇಗ ಕಳಿಸುವುದೇ ಸರಿ. ಆದರೆ ತಾಯಿಯನ್ನು ಕೇಳದೆ ಕಳಿಸಬೇಡಿ. ಮಂಚ ಹೋದ ಜಾಗ ಖಾಲಿ ಕಾಣುತ್ತದೆ. ಅಲ್ಲಿ ಅವನ ಹಳೆಯ ಮಂಚವನ್ನೋ ಮೇಜನ್ನೋ ಮೊದಲಿದ್ದ ಹಾಗೆ ಇಟ್ಟು ಬನ್ನಿ. ಮುಂಗಡ ಹಣದ ರಶೀದಿ ಕೇಳಿ ತೆಗೆದುಕೊಳ್ಳಿ. ಬಟ್ಟೆ, ಹೊದಿಕೆ, ತಲೆದಿಂಬು ಬೇರೆ ಮಾತು. ಅದಕ್ಕೆ ಯಾರೂ ಕೈ ಹಾಕಬಾರದು, ಒಗೆಯಲೂ ಬಾರದು. ಒಳ್ಳೆಯ ಮನಸ್ಸಿನಿಂದ ಹೊದಿಕೆ ಒಗೆದು ಹಾಕಿದರೆ ಅದರಲ್ಲಿದ್ದ ಅವನ ವಾಸನೆ ಹೋಯಿತು. ಅದನ್ನು ಮತ್ತೆ ತರಲಿಕ್ಕಾಗುವುದಿಲ್ಲ.

ಇನ್ನು ಆ ತಂದೆತಾಯಿಯ ಮನಸ್ಸಿನಲ್ಲಿ ಸುತ್ತುವ ಮೂರು ಪ್ರಶ್ನೆಗಳು. ಕೇಳಿದರೆ ನೀವೇ ವೈದ್ಯರಾಗಬೇಡಿ, ಆದರೆ ಇಷ್ಟು ತಿಳಿದಿರಲಿ.

“ಮೊದಲು ಕಾಲು ನೋವು ಅಂದಾಗ ಕ್ರಿಕೆಟ್ ಆಡಿ ಬಿದ್ದದ್ದು ಅಂತ ಎಣ್ಣೆ ಹಚ್ಚಿದೆವು.” ಯೂಯಿಂಗ್‌ನ ಶುರುವಿನ ನೋವು ಬಂದು ಹೋಗುತ್ತಿರುತ್ತದೆ, ಆಟದ ಪೆಟ್ಟಿನ ಹಾಗೆಯೇ ಕಾಣುತ್ತದೆ. ವೈದ್ಯರಿಗೂ ಮೊದಲ ಭೇಟಿಯಲ್ಲಿ ಹಾಗೇ ಕಾಣುವುದುಂಟು. ಪೆಟ್ಟಿನಿಂದ ಈ ಕಾಯಿಲೆ ಹುಟ್ಟುವುದಿಲ್ಲ, ಎಣ್ಣೆ ತಿಕ್ಕಿದ್ದರಿಂದಲೂ ಅಲ್ಲ. ಹೆಚ್ಚಿನವರಲ್ಲಿ ಒಂದು ಜೀವಕೋಶದೊಳಗೆ 11 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಇದು ಶುರುವಾಗುತ್ತದೆ. ಯಾರ ತಪ್ಪೂ ಅಲ್ಲ. ಸಾಮಾನ್ಯವಾಗಿ ವಂಶದಲ್ಲಿ ಬರುವಂಥದ್ದೂ ಅಲ್ಲ, ತಂಗಿ ಹೆದರಬೇಕಾಗಿಲ್ಲ. ಸಣ್ಣ ಪ್ರಾಯದಲ್ಲಿ ಸ್ತನದ ಅಥವಾ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದರೆ ಮಾತು ಬೇರೆ. ಆಗ ಒಡಹುಟ್ಟಿದವರಿಗೆ ತಪಾಸಣೆ ಬೇಕೇ ಎಂದು ಕೇಳಲೇಬೇಕು. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲಿ ಅದಕ್ಕೆಂದೇ ವಂಶವಾಹಿ ವಿಭಾಗ ಉಂಟು.

“ಕೊನೆಯ ರಾತ್ರಿ ಮಾರ್ಫಿನ್ ಕೊಟ್ಟದ್ದು ನಾನೇ, ಅದರಿಂದಲೇ ಹೋದನಾ?” ಇದನ್ನು ಹೆಚ್ಚಾಗಿ ಯಾರಿಗೂ ಹೇಳುವುದಿಲ್ಲ, ಒಳಗೇ ಇಟ್ಟುಕೊಳ್ಳುತ್ತಾರೆ. ವೈದ್ಯರು ಬರೆದ ಪ್ರಮಾಣದಲ್ಲಿ ನೋವಿಗೆ ಕೊಟ್ಟ ಮಾರ್ಫಿನ್ ಸಾವನ್ನು ತರುವುದಿಲ್ಲ. ಉಸಿರು ನಡುನಡುವೆ ನಿಂತು ಮತ್ತೆ ಬರುವುದು, ಗಂಟಲಿನ ಗೊರಗೊರ ಶಬ್ದ, ಕೈಕಾಲು ತಣ್ಣಗಾಗುವುದು, ಇವೆಲ್ಲ ದೇಹ ನಿಲ್ಲುತ್ತಾ ಬರುವ ಲಕ್ಷಣ. ಆ ಶಬ್ದ ಗಂಟಲಲ್ಲಿ ನಿಂತ ನೀರಿನದ್ದು. ಆ ಹೊತ್ತಿಗೆ ಅವನಿಗೆ ಪ್ರಜ್ಞೆ ಇರುವುದಿಲ್ಲ, ಉಸಿರುಗಟ್ಟಿ ಒದ್ದಾಡಿದ್ದಲ್ಲ.

“ಕೊನೆಗೆ ಒಂದು ಚಮಚ ಗಂಜಿಯನ್ನೂ ಕೊಡಲಿಲ್ಲ.” ಆ ದಿನಗಳಲ್ಲಿ ದೇಹಕ್ಕೆ ಹಸಿವೇ ಇರುವುದಿಲ್ಲ, ಒತ್ತಾಯಿಸಿದ್ದರೆ ಶ್ವಾಸನಾಳಕ್ಕೆ ಹೋಗುತ್ತಿತ್ತು.

ಇವನ್ನು ಚಿಕಿತ್ಸೆ ಮಾಡಿದ ವೈದ್ಯರ ಬಾಯಿಂದ ಕೇಳಿದರೆ ಮಾತ್ರ ಮನಸ್ಸಿಗೆ ಇಳಿಯುತ್ತದೆ. ನಾಲ್ಕರಿಂದ ಆರು ವಾರ ಕಳೆದ ಮೇಲೆ ಫೋನ್ ಮಾಡಿ ಸಮಯ ಕೇಳಿ. ಪ್ರಶ್ನೆಗಳನ್ನು ಮೊದಲೇ ಕಾಗದದಲ್ಲಿ ಬರೆಸಿ, ನಿಮ್ಮಲ್ಲೊಬ್ಬರು ಕಾರಿನಲ್ಲಿ ಕರೆದುಕೊಂಡು ಹೋಗಿ. ಆ ಆಸ್ಪತ್ರೆಯ ಮೆಟ್ಟಿಲನ್ನು ಅವರಿಬ್ಬರೇ ಹತ್ತುವುದು ಬೇಡ.

ಗಮನಿಸಬೇಕಾದ್ದು: ತಿಂಗಳುಗಟ್ಟಲೆ ಅಳುವುದು, ಅವನ ದನಿ ಕೇಳಿದ ಹಾಗಾಗುವುದು, ರಾತ್ರಿ ಮಾತ್ರೆ ಕೊಡುವ ಹೊತ್ತಿಗೆ ಸರಿಯಾಗಿ ಎಚ್ಚರವಾಗುವುದು, ಇವೆಲ್ಲ ಸಹಜ. “ನಾನೂ ಹೋಗಿಬಿಡ್ತೇನೆ”, “ಅವನ ಹತ್ತಿರ ಹೋಗಬೇಕು” ಎಂದು ಪದೇ ಪದೇ ಹೇಳುವುದು, ಮೂರು ದಿನ ಹೆಚ್ಚುಕಡಿಮೆ ಏನೂ ತಿನ್ನದಿರುವುದು, ಸಂಜೆಯಿಂದಲೇ ಕುಡಿಯಲು ಶುರು ಮಾಡುವುದು, ಇದ್ದಕ್ಕಿದ್ದಂತೆ ಬ್ಯಾಂಕ್ ಪುಸ್ತಕ ಎಲ್ಲ ಬೇರೆಯವರ ಕೈಗೊಪ್ಪಿಸುವುದು ಕಂಡರೆ ಅದೇ ದಿನ ವೈದ್ಯರ ಹತ್ತಿರ ಹೋಗಿ, ಒಬ್ಬರನ್ನೇ ಬಿಡಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನೆರೆಯವರೂ ಅಲ್ಲಿಗೆ ಫೋನ್ ಮಾಡಿ ಏನು ಮಾಡಬೇಕು ಎಂದು ಕೇಳಬಹುದು. ಮೆಡಿಕಲ್ ಶಾಪಿನಿಂದ ನಿದ್ರೆಯ ಮಾತ್ರೆ ಮಾತ್ರ ತಂದುಕೊಡಬೇಡಿ. ಮತ್ತೆ ತಂದೆಯ ಕಡೆ ನೋಡುತ್ತಿರಿ. ಬಂದವರೆಲ್ಲ ತಾಯಿಯ ಸುತ್ತ ಕೂರುತ್ತಾರೆ, ತಂದೆ ಚಪ್ಪರದ ಬಿಲ್ಲು, ಅಡಿಗೆಯವರ ಲೆಕ್ಕ ಎಂದು ಓಡಾಡುತ್ತಾ ಇರುತ್ತಾರೆ, ಬೊಜ್ಜ ಮುಗಿದ ದಿನ ಕುಸಿಯುತ್ತಾರೆ.

ಬೈಲಕರೆ

ಕೈ ಮುಗಿದೆ ಅಕ್ಕ. ಡಬ್ಬದ ವಿಷಯ ಹೊಳೆದೇ ಇರಲಿಲ್ಲ. ಎರಡು ಸಂಗತಿ ಉಳಿದಿವೆ. ಒಂದು, ಕಾಗದಪತ್ರ ಯಾರೂ ಮುಟ್ಟಿಲ್ಲ, ಯಾವುದು ತುರ್ತು? ಎರಡು, ಮದುವೆಯಾಗದೆ ಹೋದ ಹುಡುಗ ಎಂದು ನೆಂಟರೊಬ್ಬರು ಆಗಲೇ ಕುಲೆ ಮದುವೆಯ (ಸತ್ತವರಿಗೆ ಮಾಡಿಸುವ ಮದುವೆ) ಮಾತು ಎತ್ತಿದ್ದಾರೆ. ತಾಯಿ ಎದ್ದು ಒಳಗೆ ಹೋದರು.

ಕೊಡಿಯಾಲ_ಲೆಕ್ಕಪತ್ರ

ತುರ್ತು ಒಂದೇ: ಮರಣ ನೋಂದಣಿ. 21 ದಿನದೊಳಗೆ. ದಾಟಿದರೆ ವಿಳಂಬ ಶುಲ್ಕ, 30 ದಿನ ದಾಟಿದರೆ ಮೇಲಿನ ಅಧಿಕಾರಿಯ ಅನುಮತಿ, ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಅವರೇ ವರದಿ ಮಾಡುತ್ತಾರೆ. ಮನೆಯಲ್ಲಾದರೆ ಮನೆಯವರೇ ಮಾಡಬೇಕು, ಜನ ಸಿಕ್ಕಿಬೀಳುವುದು ಇಲ್ಲೇ. ಕಾಪು ಪುರಸಭೆ ವ್ಯಾಪ್ತಿಯಾದರೆ ಅಲ್ಲಿ ಕೊಡಿ. ಹಳ್ಳಿಯಾದರೆ ಪಂಚಾಯತ್ ಕಚೇರಿಯಲ್ಲಿ ವಿಚಾರಿಸಿ. ಕೊನೆಗೆ ನೋಡಿದ ವೈದ್ಯರಿಂದ ನಮೂನೆ 4ಎ, ಅಂದರೆ ಸಾವಿನ ಕಾರಣದ ಪ್ರಮಾಣಪತ್ರ ಬೇಕು. ಅದರಲ್ಲಿ ಬರೀ “ಹೃದಯ ಸ್ತಂಭನ” ಎಂದು ಬರೆಸಿಕೊಳ್ಳಬೇಡಿ. ಅದು ಸಾವಿನ ರೀತಿಯೇ ಹೊರತು ಕಾರಣವಲ್ಲ, ಆಮೇಲೆ ವಿಮೆಯವರು ಪ್ರಶ್ನೆ ಎತ್ತುತ್ತಾರೆ. ಕಾಯಿಲೆಯ ಹೆಸರೇ ಇರಲಿ. ಸ್ಮಶಾನದ ರಶೀದಿ ಜೋಪಾನ.

ಅರ್ಜಿ ಕೊಡುವ ಮೊದಲು ಅವನ ಆಧಾರ್ ಎದುರಿಗಿಟ್ಟು ಇನಿಶಿಯಲ್, ಮನೆಹೆಸರು, ತಂದೆತಾಯಿಯ ಹೆಸರು ಒಂದೊಂದೇ ಅಕ್ಷರ ಹೊಂದಿಸಿ ನೋಡಿ. ನಮ್ಮಲ್ಲಿ ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಒಂದು ಇರುವುದು ಸಾಮಾನ್ಯ. ತಿದ್ದುಪಡಿಗೆ ಅಲೆಯುವುದಕ್ಕಿಂತ ಈಗ ಹತ್ತು ನಿಮಿಷ ಕೂರುವುದು ಮೇಲು. ಪ್ರತಿ ಎಂಟು ಹತ್ತು ಮಾಡಿಸಿ. ನಾಡಕಚೇರಿಯಿಂದ ವಂಶವೃಕ್ಷವೂ ಬೇಕಾಗಬಹುದು.

ಉಳಿದದ್ದು ಒಂದೆರಡು ತಿಂಗಳು ತಡವಾದರೂ ಮುಳುಗುವುದಿಲ್ಲ, ಆದರೆ ಕಳೆದುಹೋಗಬಾರದು. ಅವನು ಕಂಪನಿಗೆ ರಾಜೀನಾಮೆ ಕೊಟ್ಟಿದ್ದನೇ, ಸಂಬಳವಿಲ್ಲದ ರಜೆಯಲ್ಲಿದ್ದನೇ ಎಂದು ಮೊದಲು ತಿಳಿದುಕೊಳ್ಳಿ. ಹೆಸರು ಕಂಪನಿಯ ರೋಲಿನಲ್ಲಿದ್ದರೆ ಭವಿಷ್ಯನಿಧಿಯ (ಪಿಎಫ್) ಜೊತೆಗಿನ ವಿಮೆಯನ್ನೂ ಕೇಳಬಹುದು. ಅದರ ಗರಿಷ್ಠ ಮೊತ್ತ 7 ಲಕ್ಷ ರೂ., ಹೆಚ್ಚಿನ ಮನೆಯವರಿಗೆ ಅದು ಇರುವುದೇ ಗೊತ್ತಿಲ್ಲ. ನಿಧಿಗೆ ಫಾರ್ಮ್ 20, ಪಿಂಚಣಿಗೆ 10ಡಿ, ವಿಮೆಗೆ 5ಐಎಫ್. ಅವನು ಅವಿವಾಹಿತನಾದ್ದರಿಂದ ಅವಲಂಬಿತ ತಂದೆತಾಯಿಗೆ ಪಿಂಚಣಿ ಸಿಗುತ್ತದೆಯೇ ಎಂದು ಕೇಳದೆ ಬರಬೇಡಿ. ಗ್ರಾಚ್ಯುಟಿಗೆ ಐದು ವರ್ಷ ಆಗಬೇಕೆಂಬ ನಿಯಮ ಕೆಲಸದಲ್ಲಿದ್ದಾಗ ತೀರಿಕೊಂಡವರಿಗೆ ಅನ್ವಯಿಸುವುದಿಲ್ಲ. ಬ್ಯಾಂಕ್ ಪುಸ್ತಕದಲ್ಲಿ ವರ್ಷಕ್ಕೊಮ್ಮೆ 436 ರೂ. ಕಡಿತ ಕಂಡರೆ ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ, 2 ಲಕ್ಷ. ಸುರಕ್ಷಾ ಬಿಮಾ ಅಪಘಾತಕ್ಕೆ ಮಾತ್ರ, ಅದರ ಹಿಂದೆ ಓಡಬೇಡಿ. ಶಿಕ್ಷಣ ಸಾಲ ಇದ್ದರೆ ಅದರೊಟ್ಟಿಗೆ ಸಾಲದ ವಿಮೆ ಮಾಡಿಸಿದ್ದರೇ ನೋಡಿ, ಇಲ್ಲದಿದ್ದರೆ ಸಹಿ ಹಾಕಿದ ತಂದೆಯ ಮೇಲೆ ಕಂತು ಬರುತ್ತದೆ.

ಅವನ ಎಟಿಎಂ ಕಾರ್ಡಿನಿಂದ, ಫೋನ್‌ಪೇಯಿಂದ ಈಗ ಯಾರೂ ಹಣ ತೆಗೆಯಬಾರದು, ಪಿನ್ ಗೊತ್ತಿದ್ದರೂ ಸರಿ. ನಾಮಿನಿ ಇದ್ದರೆ ಮರಣಪತ್ರ, ಗುರುತು ಕೊಟ್ಟರೆ ಸಾಕು, ಕೋರ್ಟಿನ ಉತ್ತರಾಧಿಕಾರ ಪತ್ರ ಬೇಡ. ನಾಮಿನಿ ಇಲ್ಲದಿದ್ದರೆ ಇದು ನೆನಪಿರಲಿ: 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮದುವೆಯಾಗದ ಮಗನ ಮೊದಲ ವರ್ಗದ ವಾರಸುದಾರಳು ತಾಯಿ. ತಂದೆ ಎರಡನೇ ವರ್ಗ. ಅರ್ಜಿ ತಾಯಿಯ ಹೆಸರಿನಲ್ಲಿ ಹೋಗಬೇಕು, ತಂದೆಯ ಹೆಸರಿನಲ್ಲಿ ಕೊಟ್ಟು ವಾಪಸ್ ಬರುವುದುಂಟು.

ಮುಖ್ಯವಾಗಿ ಅವನ ಫೋನ್. ಸಿಮ್ ರದ್ದು ಮಾಡಿಸಬೇಡಿ, ಎಲ್ಲ ಒಟಿಪಿ ಅಲ್ಲಿಗೇ ಬರುವುದು. ಅಗ್ಗದ ರೀಚಾರ್ಜ್ ಹಾಕಿಸುತ್ತಾ ಒಂದು ವರ್ಷ ಜೀವಂತ ಇಡಿ. ವಾಟ್ಸಾಪ್ 120 ದಿನ ಬಳಸದಿದ್ದರೆ ಖಾತೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಅದರಲ್ಲಿ ಅವನ ಧ್ವನಿ ಸಂದೇಶಗಳಿರುತ್ತವೆ. ಅಮ್ಮನ ಫೋನಿನಲ್ಲಿ ಅವನ ಚಾಟ್ ತೆರೆದು ಮಾಧ್ಯಮ ಸಹಿತ ಎಕ್ಸ್‌ಪೋರ್ಟ್ ಮಾಡಿ ಎರಡು ಪೆನ್‌ಡ್ರೈವ್‌ಗೆ ಹಾಕಿ. ಈಗ ಕೇಳಿಸಬೇಡಿ. ಇಟ್ಟಿದ್ದೇವೆ ಎಂದು ಹೇಳಿದರೆ ಸಾಕು.

ಚಿಕಿತ್ಸೆಗೆ ಹಣ ಕೇಳಿ ಅವನ ಫೋಟೋ, ಕ್ಯೂಆರ್ ಕೋಡ್ ಇದ್ದ ಸಂದೇಶ ಗ್ರೂಪುಗಳಲ್ಲಿ ಓಡಾಡಿರಬಹುದು. ಅದು ತಿಂಗಳುಗಟ್ಟಲೆ ಸುತ್ತುತ್ತಲೇ ಇರುತ್ತದೆ, ಒಂದು ದಿನ ತಾಯಿಯ ಫೋನಿಗೇ ಬಂದು ಬೀಳುತ್ತದೆ. ಮೊದಲು ಹಾಕಿದವರನ್ನು ಹುಡುಕಿ, “ಹುಡುಗ ತೀರಿಕೊಂಡಿದ್ದಾನೆ, ಹಣ ಕಳಿಸಬೇಡಿ, ಹಳೆಯ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ” ಎಂದು ಅದೇ ಗ್ರೂಪುಗಳಿಗೆ ಹಾಕಿಸಿ.

ಆಟಿಯ ಮಳೆ

ಕುಲೆ ಮದುವೆಯ ಬಗ್ಗೆ. ತುಳುನಾಡಿನಲ್ಲಿ ಮದುವೆಯಾಗದೆ ಹೋದವರಿಗೆ ಮದುವೆ ಮಾಡಿಸುವ ಕ್ರಮ ಇದೆ, ಹೆಚ್ಚಾಗಿ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು), ಹಾಗೆಯೇ ತೀರಿಕೊಂಡ ಹೆಣ್ಣಿನ ಮನೆಯವರೊಡನೆ ಮಾತಾಡಿ, ಬರಿ (ಗೋತ್ರದ ಹಾಗಿನ ಬಳಿ) ನೋಡಿ. ಕೆಲವು ತಾಯಂದಿರಿಗೆ ಅದರಿಂದ ದೊಡ್ಡ ಸಮಾಧಾನ ಸಿಗುತ್ತದೆ, ಮಗನಿಗೆ ಮಾಡಬೇಕಾದದ್ದನ್ನು ಮಾಡಿದೆ ಎಂದು. ಅದನ್ನು ಮೂಢನಂಬಿಕೆ ಎಂದು ನೀವು ಹೀಗಳೆಯಬೇಡಿ. ಹಾಗೆಯೇ ಮಾಡದಿದ್ದರೆ ಮನೆಗೆ ತೊಂದರೆ ಎಂದು ಹೆದರಿಸಲು ಯಾರಿಗೂ ಬಿಡಬೇಡಿ. ಅವಸರವಿಲ್ಲದ ಕಾರ್ಯ ಅದು, ವರ್ಷಗಳ ನಂತರ ಮಾಡಿಸುವವರೂ ಇದ್ದಾರೆ. ತಾಯಿ ತಾನಾಗಿ ಕೇಳುವವರೆಗೆ ಆ ಮಾತು ಅಂಗಳ ದಾಟಿ ಒಳಗೆ ಬಾರದ ಹಾಗೆ ನೋಡಿಕೊಳ್ಳುವುದು ಸೋದರಮಾವನ ಕೆಲಸ. ಅವರಿಗೆ ಹೇಳಿ.

ಮೊದಲ ವರ್ಷದಲ್ಲಿ ಹಬ್ಬವಿಲ್ಲ ಎಂದು ಚೌತಿಗೆ, ದೀಪಾವಳಿಗೆ ಆ ಮನೆಯ ಕಡೆ ಯಾರೂ ಹೋಗುವುದಿಲ್ಲ. ಹೋಗಬೇಕಾದದ್ದು ಅದೇ ದಿನಗಳಲ್ಲಿ. ಆಟಿಯಲ್ಲಿ ತೀರಿಕೊಂಡವರಿಗೆ ಬಡಿಸುವ ದಿನ ಅವನ ಎಲೆಯೂ ಸೇರುತ್ತದೆ. ಅವತ್ತು ಅಡುಗೆಗೆ ಕೈ ಕೊಡಲು ಒಬ್ಬರಾದರೂ ಇರಿ. ಅವನ ಹುಟ್ಟಿದ ದಿನವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಪಿಯು_ಪಾಠ

ತಂಗಿಯ ಬಗ್ಗೆ ಯಾರೂ ಬರೆದಿಲ್ಲ. “ಇನ್ನು ಅಪ್ಪ ಅಮ್ಮನಿಗೆ ನೀನೇ ಮಗ, ನೀನೇ ಮಗಳು” ಎಂದು ಈಗಾಗಲೇ ಹತ್ತು ಜನ ಹೇಳಿರುತ್ತಾರೆ. 17 ವರ್ಷದ ಹುಡುಗಿಗೆ ಅದು ಹೊರಲಾಗದ ಮಾತು. ನಿಲ್ಲಿಸಿ.

ಪ್ರಾಂಶುಪಾಲರಿಗೆ ತಂದೆಯ ಸಹಿಯ ಪತ್ರ ಈ ವಾರವೇ ಹೋಗಲಿ, ಹಾಜರಾತಿ ಕೊರತೆಗೆ ಮುಂದೆ ಅದೇ ಆಧಾರ. ಪರೀಕ್ಷೆ-1ಕ್ಕೆ ನೋಂದಣಿ ಮಾತ್ರ ತಪ್ಪಿಸಬೇಡಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ ಮೊದಲನೆಯದು ಸರಿಯಾಗದಿದ್ದರೂ ವರ್ಷ ಹಾಳಾಗುವುದಿಲ್ಲ ಎಂದು ಅವಳಿಗೆ ಹೇಳಿ. ಕ್ಲಾಸಿಗೆ ಮರಳುವ ಮೊದಲ ದಿನ ಒಬ್ಬ ಗೆಳತಿ ಮನೆಗೇ ಬಂದು ಬಸ್ಸಿನಲ್ಲಿ ಜೊತೆಗೆ ಹೋಗಲಿ. ಕ್ಲಾಸಿನಲ್ಲಿ ಮೊದಲೇ ವಿಷಯ ತಿಳಿಸಿರಲಿ, ಅವಳೇ ಹೇಳಬೇಕಾಗಿ ಬರಬಾರದು. ಸಂಜೆ ಓದಲು ನಿಮ್ಮ ಆರು ಮನೆಗಳಲ್ಲಿ ಒಂದು ಮೇಜು, ಒಂದು ಫ್ಯಾನು ಇದ್ದರೆ ಅವಳಿಗೆ ಬಿಟ್ಟುಕೊಡಿ. ಅಳುವ ಮನೆಯಲ್ಲಿ ಓದಲು ಕೂರುವುದೇ ತಪ್ಪು ಎಂದು ಅವಳಿಗೆ ಅನಿಸುತ್ತಿರುತ್ತದೆ.

ಬೈಲಕರೆ

ಇವತ್ತು ಸಂಜೆ ಆರೂ ಮನೆಯವರು ಕೂತೆವು. ಮಾತ್ರೆ ಡಬ್ಬವನ್ನು ಸೋದರಮಾವನ ಎದುರು ಎಣಿಸಿ ಬೀಗ ಹಾಕಿದ್ದೇವೆ, ನಾಳೆ ಬೆಳಿಗ್ಗೆ ಮಣಿಪಾಲಕ್ಕೆ. ಪುರಸಭೆ, ಬ್ಯಾಂಕು ನನ್ನ ಪಾಲಿಗೆ. ಅಂಗಳದಲ್ಲಿ ನಿಲ್ಲುವವರು ಎದುರುಮನೆಯ ಅಣ್ಣ. ಓದುವ ಮೇಜು ನಮ್ಮ ಮಹಡಿಯಲ್ಲಿ ಉಂಟು, ಅವಳಿಗೆ ಕೀಲಿಕೈ ಕೊಟ್ಟೆ. ಹೊದಿಕೆಯನ್ನು ಅತ್ತೆಯೊಬ್ಬರು ಒಗೆಯಲು ನೆನೆಹಾಕುವುದರಲ್ಲಿದ್ದರು. ತಂದು ಮತ್ತೆ ಅವನ ಮಂಚದ ಮೇಲೆಯೇ ಇಟ್ಟೆವು.